ಆರೋಪವೂ ಅಪವಾದವೂ: ಕೃತಿಕರ್ತೃತ್ವ ವಿಚಾರ

೧

ಕೆಲವು ಶಬ್ದಗಳು ಶಾಸ್ತ್ರದ ಮನೆಯಿಂದ ಹೊರಟು ಲೋಕವ್ಯವಹಾರದ ಬೀದಿಗೆ ಬರುವಷ್ಟರಲ್ಲಿ ತಮ್ಮ ಮೊದಲಿನ ಅರ್ಥವನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತವೆ. ‘ಆರೋಪ’ ಎಂಬುದು ಅಂಥವುಗಳಲ್ಲೊಂದು. ಈ ಶಬ್ದವನ್ನು ಕೇಳಿದೊಡನೆಯೇ ನಮ್ಮ ಮನಸ್ಸಿಗೆ ಬರುವುದು ನ್ಯಾಯಸ್ಥಾನ, ಕಟಕಟೆ, ದೂರು, ಸಾಕ್ಷಿ. ‘ದೋಷಾರೋಪ’ವೆಂಬ ಸಮಾಸದಲ್ಲಿ ಮೊದಲಿನ ಪದವು ಬಿದ್ದುಹೋಗಿ, ಅದರ ಕಹಿಯೆಲ್ಲ ಉಳಿದ ಪದಕ್ಕೆ ಹತ್ತಿಕೊಂಡಿತು. ಗುಣವನ್ನು ಆರೋಪಿಸುವುದೂ ಆರೋಪವೇ ಎಂಬುದನ್ನು ಇಂದು ನೆನಪುಮಾಡಿಕೊಡಬೇಕಾಗಿದೆ.

ಶಬ್ದದ ಮೂಲವು ‘ರುಹ್’ ಧಾತು. ಏರುವುದು, ಮೇಲಕ್ಕೆ ಬೆಳೆಯುವುದು ಎಂದು ಅದರ ಅರ್ಥ. ರಾಗದ ಆರೋಹಣ, ಸಿಂಹಾಸನಾರೋಹಣ, ಧ್ವಜಾರೋಹಣಗಳೆಲ್ಲ ಇದೇ ಕುಟುಂಬದವು. ತಾನಾಗಿ ಏರಿದರೆ ಆರೋಹಣ. ಒಬ್ಬನು ಇನ್ನೊಂದನ್ನು ಏರಿಸಿದರೆ ಆರೋಪಣ. ಸಸಿಯನ್ನು ನೆಡುವುದೂ, ಬಿಲ್ಲಿಗೆ ಹೆದೆಯನ್ನೇರಿಸುವುದೂ ಆರೋಪಣವೆನಿಸಿಕೊಳ್ಳುತ್ತವೆ. ಹೀಗೆ ಈ ಶಬ್ದದಲ್ಲಿ ಒಂದು ವಸ್ತು, ಅದನ್ನು ಹೊರುವ ಇನ್ನೊಂದು ವಸ್ತು, ಏರಿಸುವ ಒಂದು ಕೈ, ಈ ಮೂರೂ ಅಡಗಿವೆ. ಮೂರನೆಯದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ‘ಆರೋಪಿ’ ಎಂಬ ರೂಪವನ್ನೇ ನೋಡಿರಿ. ಸಂಸ್ಕೃತದ ಪ್ರತ್ಯಯದ ಪ್ರಕಾರ ಆರೋಪ ಮಾಡುವವನು ಆರೋಪಿಯಾಗಬೇಕು, ಮಾಡಿಸಿಕೊಂಡವನು ಆರೋಪಿತನಾಗಬೇಕು. ಕನ್ನಡದ ರೂಢಿಯಲ್ಲಿ ಕಟಕಟೆಯಲ್ಲಿ ನಿಂತವನೇ ಆರೋಪಿ. ಏರಿಸಿದವನು ಶಬ್ದದಿಂದಲೇ ಮರೆಯಾಗಿದ್ದಾನೆ.

ವೇದಾಂತದಲ್ಲಿ ಈ ಶಬ್ದಕ್ಕೆ ಗೌರವದ ಸ್ಥಾನವಿದೆ. ಹಗ್ಗವನ್ನು ಹಾವೆಂದು ತಿಳಿಯುವುದು ಅಧ್ಯಾರೋಪ. ದೀಪವನ್ನು ತಂದು ನೋಡಿ, ಇದು ಹಾವಲ್ಲ, ಹಗ್ಗವೇ ಎಂದು ನಿಶ್ಚಯಿಸುವುದು ಅಪವಾದ. ಸದಾನಂದನ ‘ವೇದಾಂತಸಾರ’ವನ್ನು ಓದಿದವರಿಗೆ ಈ ಜೋಡಿ ಪರಿಚಿತವಾದುದು. ವ್ಯಾಕರಣದಲ್ಲಿ ಉತ್ಸರ್ಗಕ್ಕೆ ಎದುರಾದ ವಿಶೇಷವಿಧಿಯನ್ನೂ ಅಪವಾದವೆನ್ನುತ್ತಾರೆ. ಆದರೆ ಮನೆಮಾತಿನಲ್ಲಿ ಅಪವಾದವೆಂದರೆ ಕೆಟ್ಟ ಹೆಸರು. ಒಂದು ಶಬ್ದ ಹೊದಿಕೆಗೂ ಇನ್ನೊಂದು ಅದನ್ನು ತೆಗೆಯುವುದಕ್ಕೂ ಇದ್ದ ಜೋಡಿಯು ಲೋಕಕ್ಕೆ ಬಂದು ಎರಡೂ ನಿಂದೆಯ ಅರ್ಥವನ್ನೇ ತಾಳಿದುದು ಒಂದು ವಿಚಿತ್ರ. ಸಾಹಿತ್ಯ ಚರಿತ್ರೆಯಲ್ಲಿ ಕೆಲಸಮಾಡುವವರಿಗೆ ಇದರ ಅನುಭವ ಚೆನ್ನಾಗಿ ಉಂಟು. ಪ್ರಸಿದ್ಧನಾದ ಕವಿಯ ಮೇಲೆ ಏರಿಸಿದ ಗ್ರಂಥವನ್ನು ಶಾಸ್ತ್ರಾರ್ಥದಲ್ಲಿ ಅಪವಾದಮಾಡಲು ಹೊರಟ ಪಂಡಿತನು ಲೋಕಾರ್ಥದ ಅಪವಾದಕ್ಕೆ ತಪ್ಪದೆ ಗುರಿಯಾಗುತ್ತಾನೆ.

ಇಂಗ್ಲಿಷಿನಲ್ಲಿ ಇದಕ್ಕೆ ಸಮನಾದ ‘ಅಸ್ಕ್ರಿಪ್ಷನ್’ ಎಂಬ ಪದವು ಲ್ಯಾಟಿನ್ ಮೂಲದ್ದು. ‘ಒಂದರ ಪಕ್ಕಕ್ಕೆ ಬರೆಯುವುದು’ ಎಂಬುದು ಅದರ ಮೂಲಾರ್ಥ. ಕ್ರೈಸ್ತ ದೇವಾಲಯಗಳಲ್ಲಿ ಉಪದೇಶದ ಕೊನೆಗೆ ಮಹಿಮೆಯೆಲ್ಲ ದೇವರದೆಂದು ಹೇಳುವ ಚಿಕ್ಕ ವಾಕ್ಯಕ್ಕೂ ಇದೇ ಹೆಸರು. ನಮ್ಮ ಕೃಷ್ಣಾರ್ಪಣದ ಮಾತನ್ನು ಅದು ನೆನಪಿಗೆ ತರುತ್ತದೆ. ಅಮೇರಿಕದ ಮಾನವಶಾಸ್ತ್ರಜ್ಞ ರಾಲ್ಫ್ ಲಿಂಟನ್ ೧೯೩೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹುಟ್ಟಿನಿಂದ ಆರೋಪಿತವಾದ ಅಂತಸ್ತು ಬೇರೆ, ಸ್ವಪ್ರಯತ್ನದಿಂದ ಪಡೆದ ಅಂತಸ್ತು ಬೇರೆ ಎಂದು ವಿಭಾಗಿಸಿದನು. ನಮ್ಮ ದೇಶದವರಿಗೆ ಈ ಭೇದದ ವಿವರಣೆ ಬೇಕಿಲ್ಲ. ಈ ಅರ್ಥಗಳಲ್ಲಿ ಪ್ರಕೃತ ನಾವು ವಿಚಾರಕ್ಕೆ ತೆಗೆದುಕೊಂಡಿರುವುದು ಒಂದನ್ನು ಮಾತ್ರ: ಒಂದು ಕೃತಿಯನ್ನು ಒಬ್ಬನ ಹೆಸರಿಗೆ ಸಲ್ಲಿಸುವ ಕರ್ತೃತ್ವಾರೋಪ.

೨

ಕರ್ತೃತ್ವಾರೋಪಗಳೆಲ್ಲ ಒಂದೇ ಬಗೆಯವಲ್ಲ. ಅವುಗಳನ್ನು ವಿಂಗಡಿಸುವುದಕ್ಕೆ ಹೊಸ ಪರಿಭಾಷೆಯನ್ನು ಹುಡುಕಬೇಕಾದ ಅಗತ್ಯವೂ ಇಲ್ಲ. ಒಂದರ ಮೇಲೆ ಇನ್ನೊಂದನ್ನು ಏರಿಸುವ ರೀತಿಗಳನ್ನು ನಮ್ಮ ಆಲಂಕಾರಿಕರು ಹಿಂದೆಯೇ ಸೂಕ್ಷ್ಮವಾಗಿ ಬೇರ್ಪಡಿಸಿದ್ದಾರೆ. ಮುಖವು ಚಂದ್ರನಲ್ಲವೆಂದು ಬಲ್ಲವನೇ ಮುಖಚಂದ್ರವೆಂದರೆ ರೂಪಕ. ಮುಖವನ್ನು ಕಂಡ ಚಕೋರವು ಚಂದ್ರನೆಂದೇ ನಂಬಿದರೆ ಭ್ರಾಂತಿಮಂತ. ಮುಖವೋ ಚಂದ್ರನೋ ಎಂದು ತೂಗಾಡಿದರೆ ಸಂದೇಹ. ಚಂದ್ರನೇ ಇರಬೇಕೆಂದು ಸಂಭಾವಿಸಿದರೆ ಉತ್ಪ್ರೇಕ್ಷೆ. ಇದು ಮುಖವಲ್ಲ, ಚಂದ್ರನೇ ಎಂದು ಇದ್ದುದನ್ನು ಮರೆಮಾಚಿದರೆ ಅಪಹ್ನುತಿ. ಕಾವ್ಯದಲ್ಲಿ ಈ ಐದೂ ಭೂಷಣಗಳೇ. ಸಾಹಿತ್ಯ ಚರಿತ್ರೆಯಲ್ಲಿ ಒಂದನ್ನು ಇನ್ನೊಂದೆಂದು ಬಗೆದರೆ ಅನರ್ಥ.

ಭ್ರಾಂತಿಗೆ ಕಾರಣ ಹೆಚ್ಚಾಗಿ ಹೆಸರಿನ ಸಾಮ್ಯ. ‘ಛಂದೋಂಬುಧಿ’ ಮತ್ತು ‘ಕರ್ಣಾಟಕ ಕಾದಂಬರಿ’ಗಳನ್ನು ಬರೆದ ನಾಗವರ್ಮನೂ, ‘ಕಾವ್ಯಾವಲೋಕನ’, ‘ಕರ್ಣಾಟಕ ಭಾಷಾಭೂಷಣ’ಗಳನ್ನು ಬರೆದ ನಾಗವರ್ಮನೂ ಒಬ್ಬನೇ ಎಂದು ಮೊದಮೊದಲು ವಿದ್ವಾಂಸರು ಎಣಿಸಿದ್ದರು. ಇಬ್ಬರ ಕಾಲಗಳನ್ನು ಬೇರ್ಪಡಿಸಿದ ಮೇಲೆ ಒಬ್ಬನೇ ಹೊತ್ತಿದ್ದ ಭಾರವು ಇಬ್ಬರಿಗೆ ಹಂಚಿಹೋಯಿತು. ಇಂಥ ಭ್ರಾಂತಿಯಲ್ಲಿ ಯಾರ ದುರುದ್ದೇಶವೂ ಇಲ್ಲ. ಬೆಳಕು ಬಂದರೆ ಅದು ತಾನಾಗಿ ಹೋಗುತ್ತದೆ.

ಸಂದೇಹಕ್ಕೆ ‘ವಡ್ಡಾರಾಧನೆ’ಗಿಂತ ಉತ್ತಮವಾದ ನಿದರ್ಶನವಿಲ್ಲ. ಹತ್ತೊಂಬತ್ತು ಕಥೆಗಳ ಈ ಗದ್ಯಗ್ರಂಥವನ್ನು ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿ ಕನ್ನಡಿಗರ ಕೈಗಿತ್ತರು. ಶಿವಕೋಟ್ಯಾಚಾರ್ಯನ ಕೃತಿಯೆಂದೇ ಅದು ಪ್ರಸಿದ್ಧವಾಯಿತು. ಮುಂದೆ ರಾಮಚಂದ್ರ ಮುಮುಕ್ಷುವಿನ ‘ಪುಣ್ಯಾಸ್ರವ ಕಥಾಕೋಶ’ದಲ್ಲಿ ಭ್ರಾಜಿಷ್ಣುವೆಂಬುವನ ಆರಾಧನಾ ಕರ್ಣಾಟಟೀಕೆಯ ಉಲ್ಲೇಖವಿರುವುದನ್ನು ಹಿಡಿದು, ಗ್ರಂಥದ ಕರ್ತೃವು ಅವನೇ ಎಂದು ಹಂಪ ನಾಗರಾಜಯ್ಯ ಮೊದಲಾದವರು ವಾದಿಸಿದರು. ಕರ್ತೃವಿನ ಹೆಸರಿನ ಜತೆಗೆ ಗ್ರಂಥದ ಹೆಸರೂ ಚರ್ಚೆಗೆ ಒಳಗಾಗಿದೆ. ಇಷ್ಟು ಸಂದೇಹವಿದ್ದರೂ ಸುಕುಮಾರಸ್ವಾಮಿಯ ಕಥೆಯ ಸೊಗಸಿಗೆ ಕುಂದಿಲ್ಲ. ಸಂದೇಹವನ್ನು ಸಂದೇಹವೆಂದೇ ಇಟ್ಟುಕೊಂಡು ಬಾಳುವುದು ಸಾಧ್ಯವೆಂಬುದಕ್ಕೆ ಇದೇ ಸಾಕ್ಷಿ.

ಉತ್ಪ್ರೇಕ್ಷೆಯೆಂದರೆ ಬರಿಯ ಊಹೆಯೆಂದು ಹಗುರಮಾಡಬಾರದು. ತಿರುವನಂತಪುರದ ಗಣಪತಿ ಶಾಸ್ತ್ರಿಗಳಿಗೆ ೧೯೦೯–೧೦ರ ಸುಮಾರಿಗೆ ದೊರೆತ ತಾಳೆಯೋಲೆಗಳ ನಾಟಕಗಳಲ್ಲಿ ಕವಿಯ ಹೆಸರೇ ಇರಲಿಲ್ಲ. ನಾಟಕಗಳ ರಚನೆಯಲ್ಲಿರುವ ಸಾಮ್ಯವನ್ನೂ, ಭಾಸನು ‘ಸ್ವಪ್ನವಾಸವದತ್ತ’ವನ್ನು ಬರೆದನೆಂಬ ಹಳೆಯ ಪ್ರತೀತಿಯನ್ನೂ ಜೋಡಿಸಿ, ಹದಿಮೂರು ನಾಟಕಗಳೂ ಭಾಸನವೆಂದು ಅವರು ೧೯೧೨ರಿಂದ ಮುದ್ರಿಸತೊಡಗಿದರು. ಒಪ್ಪಿದವರುಂಟು, ಒಪ್ಪದವರುಂಟು, ಹದಿಮೂರರಲ್ಲಿ ಕೆಲವನ್ನು ಮಾತ್ರ ಒಪ್ಪಿದವರೂ ಉಂಟು. ಆದರೆ ಶಾಸ್ತ್ರಿಗಳು ತಮ್ಮ ಹೇತುಗಳನ್ನು ಎಲ್ಲರೆದುರಿಗೆ ಇಟ್ಟರು. ಹೇತುವನ್ನು ತೋರಿಸಿದ ಉತ್ಪ್ರೇಕ್ಷೆಯೊಡನೆ ವಾದಮಾಡಬಹುದು. ಹೇತುವಿಲ್ಲದೆ ನಿಶ್ಚಯವಾಗಿ ಹೇಳಿದ ಮಾತಿನೊಡನೆ ವಾದಕ್ಕೆ ಎಡೆಯೇ ಇಲ್ಲ.

ಉಳಿದ ರೂಪಕ, ಅಪಹ್ನುತಿಗಳೆರಡೂ ಹೆಚ್ಚು ಸೂಕ್ಷ್ಮವಾದವು. ಅವುಗಳನ್ನು ಬಿಡಿಸಿ ನೋಡಬೇಕು.

೩

ಆರೋಪವೆಂಬುದು ಏರುವುದರಿಂದ ಬಂದ ಶಬ್ದವೆಂದೆವಷ್ಟೆ. ಕೃತಿಗಳ ವಿಷಯದಲ್ಲಿ ಈ ವ್ಯುತ್ಪತ್ತಿಯು ಆಶ್ಚರ್ಯವಾಗುವಷ್ಟು ನಿಜವಾಗಿ ಕಾಣಬರುತ್ತದೆ. ಸಣ್ಣ ಹೆಸರಿನಿಂದ ದೊಡ್ಡ ಹೆಸರಿಗೆ, ಶಿಷ್ಯನಿಂದ ಗುರುವಿಗೆ, ಆಸ್ಥಾನಕವಿಯಿಂದ ದೊರೆಗೆ ಕೃತಿಗಳು ಏರುತ್ತವೆ. ದೊಡ್ಡವನು ಬರೆದುದು ಸಣ್ಣವನ ಹೆಸರಿಗೆ ಇಳಿದುಬಂದ ದೃಷ್ಟಾಂತಗಳು ವಿರಳ. ‘ಪ್ರಶ್ನೋತ್ತರರತ್ನಮಾಲಿಕೆ’ ಎಂಬ ಪುಟ್ಟ ಸಂಸ್ಕೃತ ಕೃತಿಯೊಂದಿದೆ. ಅದನ್ನು ಶಂಕರಾಚಾರ್ಯರದೆಂದು ಅದ್ವೈತಿಗಳೂ, ವಿಮಲಸೂರಿಯದೆಂದು ಶ್ವೇತಾಂಬರರೂ, ರಾಜ್ಯವನ್ನು ತ್ಯಜಿಸಿದ ಅಮೋಘವರ್ಷನದೆಂದು ದಿಗಂಬರರೂ ಹೇಳುತ್ತ ಬಂದರು. ಟಿಬೆಟ್ಟಿನ ಭಾಷಾಂತರವೂ ಅಮೋಘವರ್ಷನ ಕಡೆಗೇ ಸಾಕ್ಷಿ ನುಡಿಯುತ್ತದೆ. ಒಳ್ಳೆಯ ಮಾತು ಒಳ್ಳೆಯವರದೇ ಆಗಿರಬೇಕೆಂಬುದು ಜನರ ಹೃದಯದ ತರ್ಕ. ಯಾರು ಒಳ್ಳೆಯವರೆಂಬುದರಲ್ಲಿ ಮಾತ್ರ ಪಂಥಭೇದ.

ಅಮೋಘವರ್ಷ ನೃಪತುಂಗನ ಹೆಸರು ಬಂದಮೇಲೆ ‘ಕವಿರಾಜಮಾರ್ಗ’ವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮಾನ್ಯಖೇಟದ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಈ ಗ್ರಂಥವನ್ನು ಕೆ. ಬಿ. ಪಾಠಕರು ೧೮೯೮ರಲ್ಲಿ ಮುದ್ರಿಸಿದಾಗ ಅದನ್ನು ನೃಪತುಂಗನ ಕೃತಿಯೆಂದೇ ಪ್ರಕಟಿಸಿದರು. ಅಂದಿನಿಂದ ಪಾಠಶಾಲೆಯ ಮಕ್ಕಳೂ ನೃಪತುಂಗನ ಕವಿರಾಜಮಾರ್ಗವೆಂದೇ ಕಲಿತರು. ಕನ್ನಡದ ಮೊದಲ ಲಕ್ಷಣಗ್ರಂಥವನ್ನು ಚಕ್ರವರ್ತಿಯೊಬ್ಬನು ಬರೆದನೆಂಬುದು ಕನ್ನಡಿಗರಿಗೆ ಹೆಮ್ಮೆಯ ಮಾತಲ್ಲವೆ?

ಆದರೆ ಗ್ರಂಥದ ಪರಿಚ್ಛೇದಗಳ ಕೊನೆಯಲ್ಲಿ ಹೇಳಿರುವುದು ಅದು ನೃಪತುಂಗನಿಗೆ ‘ಅನುಮತ’ವಾದುದೆಂದು. ಅನುಮತವೆಂದರೆ ಒಪ್ಪಿಗೆಯಾದುದು. ತಾನೇ ಬರೆದುದಕ್ಕೆ ತಾನೇ ಒಪ್ಪಿಗೆಯನ್ನು ಕೊಟ್ಟೆನೆಂದು ಯಾರೂ ಬರೆಯುವುದಿಲ್ಲ. ಗ್ರಂಥದೊಳಗೆ ದೊರೆಯ ಸ್ತುತಿಯೂ ಇದೆ. ಆತ್ಮಸ್ತುತಿಯೆಂದು ಅದನ್ನು ಓದುವುದು ಕಷ್ಟ. ಇದಲ್ಲದೆ ೧೦೩೧ರಲ್ಲಿ ‘ಪಂಚತಂತ್ರ’ವನ್ನು ಬರೆದ ದುರ್ಗಸಿಂಹನು ಶ್ರೀವಿಜಯನ ‘ಕವಿಮಾರ್ಗ’ವನ್ನು ಸ್ಮರಿಸುತ್ತಾನೆ. ಇವೆಲ್ಲವನ್ನೂ ತೂಗಿ, ಗ್ರಂಥವು ದೊರೆಯ ಆಶ್ರಯದಲ್ಲಿ ಶ್ರೀವಿಜಯನು ಬರೆದುದೆಂಬ ಪಕ್ಷಕ್ಕೆ ಅನೇಕರು ವಾಲಿದರು. ಎಂ. ವಿ. ಸೀತಾರಾಮಯ್ಯನವರು ತಮ್ಮ ಆವೃತ್ತಿಯನ್ನು ಶ್ರೀವಿಜಯಕೃತವೆಂದೇ ಹೊರಡಿಸಿದರು. ಎದುರುಪಕ್ಷಕ್ಕೂ ಬಲವಿಲ್ಲದಿಲ್ಲ. ಗ್ರಂಥವು ಹಿಂದಿನ ಪದ್ಯಕವಿಗಳನ್ನು ಎಣಿಸುವಾಗ ಶ್ರೀವಿಜಯನ ಹೆಸರನ್ನೂ ಎಣಿಸುತ್ತದೆ. ಬರೆಯುತ್ತಿರುವವನು ತನ್ನನ್ನೇ ಪೂರ್ವಕವಿಗಳ ಪಂಕ್ತಿಯಲ್ಲಿ ಕೂರಿಸಿಕೊಂಡನೇ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಶ್ರೀವಿಜಯ ಪಕ್ಷದವರ ಹೊಣೆ.

ಇದು ಪಂಡಿತರ ಹಗ್ಗಜಗ್ಗಾಟ, ಇದರಿಂದ ಓದುಗನಿಗೇನು ಎಂದು ಕೇಳಬಹುದು. ಆ ಗ್ರಂಥದಲ್ಲಿ ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ವರ್ಣನೆಯೂ, ಓದುಬರಹ ತಿಳಿಯದ ಸಾಮಾನ್ಯರೂ ಕಾವ್ಯಪ್ರಯೋಗದಲ್ಲಿ ನಿಪುಣರೆಂಬ ಪ್ರಶಂಸೆಯೂ ಇರುವುದು ಎಲ್ಲರಿಗೂ ತಿಳಿದುದೆ. ಇದನ್ನು ದೊರೆಯ ಬಾಯಲ್ಲಿಟ್ಟು ಓದಿದರೆ ಅದು ಪ್ರಭುವು ತನ್ನ ಪ್ರಜೆಗಳಿಗೆ ಕೊಟ್ಟ ಮನ್ನಣೆ. ಎತ್ತರದಿಂದ ಇಳಿದುಬಂದ ಔದಾರ್ಯ. ಕವಿಯ ಬಾಯಲ್ಲಿಟ್ಟು ಓದಿದರೆ ಆ ಜನರ ನಡುವೆ ಬೆಳೆದು ಅವರ ಮಾತನ್ನು ಕಿವಿಯಾರೆ ಕೇಳಿದವನೊಬ್ಬನು ಆಸ್ಥಾನದಲ್ಲಿ ನಿಂತು ನುಡಿದ ಸಾಕ್ಷ್ಯ. ಅಕ್ಷರವೊಂದೂ ಬದಲಾಗದೆ ಭಾವವು ಬದಲಾಗುತ್ತದೆ. ಸಂಸ್ಕೃತದ ದಂಡಿಯನ್ನು ಅನುಸರಿಸುತ್ತಲೇ ಕನ್ನಡಕ್ಕೆ ಹೊಂದದ ಸಮಾಸಗಳನ್ನು ನಿರಾಕರಿಸುವ ಸ್ಥಳಗಳಲ್ಲಿಯೂ ಹಾಗೆಯೇ. ಅಲ್ಲಿ ಕೇಳಿಸುವುದು ಆಜ್ಞೆಯೋ, ಕೈಕೆಲಸದವನ ಅನುಭವವೋ? ನಮಗೆ ಎರಡನೆಯದೇ ಎಂದು ತೋರುತ್ತದೆ. ಹಾಗೆ ತೋರುವುದು ಪ್ರಮಾಣವಲ್ಲವೆಂಬುದನ್ನೂ ಇಲ್ಲಿಯೇ ಹೇಳತಕ್ಕದ್ದು.

ಮೈಸೂರಿನ ಆಸ್ಥಾನದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ೧೬೭೩ರಿಂದ ೧೭೦೪ರವರೆಗೆ ಆಳಿದ ಚಿಕದೇವರಾಜ ಒಡೆಯರ ಹೆಸರಿನಲ್ಲಿ ‘ಗೀತಗೋಪಾಲ’, ‘ಚಿಕದೇವರಾಜ ಬಿನ್ನಪ’ಗಳು ಪ್ರಚಾರದಲ್ಲಿವೆ, ಅವುಗಳಲ್ಲಿ ಮಂತ್ರಿ ತಿರುಮಲಾರ್ಯನ ಕೈಯನ್ನು ಕಾಣುವ ವಿದ್ವಾಂಸರಿದ್ದಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ದೊರೆಯುವ ಗ್ರಂಥಗಳ ದೊಡ್ಡ ಪಟ್ಟಿಯ ಹಿಂದೆಯೂ ಆಸ್ಥಾನಪಂಡಿತರ ದುಡಿಮೆಯಿದೆಯೆಂದು ಊಹಿಸುತ್ತಾರೆ. ಇವುಗಳನ್ನು ಮೋಸವೆನ್ನುವುದು ಸರಿಯಲ್ಲ. ದೇವಾಲಯವನ್ನು ಕಟ್ಟಿಸಿದ ದೊರೆಯನ್ನೇ ಕಟ್ಟಿದವನೆಂದು ಹೇಳುವ ನಾಡಿನಲ್ಲಿ ಬರೆಯಿಸಿದವನನ್ನೇ ಬರೆದವನೆಂದುದು ಒಂದು ರೂಪಕ. ಅಂದಿನವರಿಗೆ ರೂಪಕವೆಂಬುದು ಗೊತ್ತಿತ್ತು. ನಮಗೆ ಮರೆತುಹೋದುದರಿಂದ ಅದು ಭ್ರಾಂತಿಯಾಯಿತು.

೪

ದೊರೆಗಳಿಂದ ಶರಣರ ಕಡೆಗೆ ತಿರುಗೋಣ. ಅಲ್ಲಿ ಆರೋಪವು ಕೃತಿಯ ಅಂಗವೇ ಆಗಿದೆ. ವಚನಕಾರನು ತನ್ನ ಮಾತನ್ನು ಮುಗಿಸುವುದು ತನ್ನ ಹೆಸರಿನಿಂದಲ್ಲ, ಇಷ್ಟದೈವದ ಹೆಸರಿನಿಂದ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ನುಡಿದುದನ್ನು ನುಡಿಸಿದವನಿಗೆ ಒಪ್ಪಿಸುವ ಈ ಅಂಕಿತವು ಆರೋಪದ ಅತ್ಯಂತ ನಿರ್ಮಲವಾದ ರೂಪ. ಅಂಬಿಗರ ಚೌಡಯ್ಯನಂಥವನು ಮಾತ್ರ ತನ್ನ ಕಸುಬನ್ನೂ ಹೆಸರನ್ನೂ ಕೂಡಿಸಿ ಅದನ್ನೇ ಅಂಕಿತವಾಗಿ ಇಟ್ಟುಕೊಂಡನು. ಹುಟ್ಟಿನಿಂದ ಲೋಕವು ಆರೋಪಿಸಿದ ಅಂತಸ್ತನ್ನೇ ಎತ್ತಿಕೊಂಡು ವಚನದ ಕೊನೆಗೆ ಮುದ್ರೆಯಾಗಿ ಒತ್ತಿದ ಆ ಧೈರ್ಯವು ಬೇರೊಂದು ಬಗೆಯದು.

ಆದರೆ ಅಂಕಿತವು ಎಷ್ಟು ನಿರ್ಮಲವೋ ಅಷ್ಟೇ ದುರ್ಬಲ. ಒಂದು ಪದ ಉದುರಿದರೆ ಒಬ್ಬರ ಬಾಳು ಇನ್ನೊಬ್ಬರ ಪಾಲಾಗುತ್ತದೆ. ಆಯ್ದಕ್ಕಿ ಮಾರಯ್ಯನ ಅಂಕಿತ ‘ಅಮರೇಶ್ವರಲಿಂಗ’. ಅವನ ಹೆಂಡತಿ ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಮಾಮೂಲಿಗಿಂತ ಹೆಚ್ಚಾಗಿ ತಂದಾಗ, ಇದು ನಮಗೆ ಬೇಕಾದುದಕ್ಕಿಂತ ಅಧಿಕ, ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳುಹಿಸಿದವಳು ಲಕ್ಕಮ್ಮ. ಬಡವರ ಮನೆಯ ಹೆಂಗಸೊಬ್ಬಳು ಗಂಡನ ಆಸೆಗೆ ಎಲ್ಲೆಯನ್ನು ಹಾಕಿದ ಈ ಪ್ರಸಂಗದ ತೇಜಸ್ಸು ಅವಳ ವಚನಗಳಲ್ಲಿ ಹರಿದಿದೆ. ಲಿಪಿಕಾರನೊಬ್ಬನು ಅವಸರದಲ್ಲಿ ‘ಮಾರಯ್ಯಪ್ರಿಯ’ ಎಂಬ ಒಂದು ಪದವನ್ನು ಬಿಟ್ಟರೆ ಸಾಕು, ಹೆಂಡತಿಯ ಎಚ್ಚರಿಕೆಯು ಗಂಡನ ಉಪದೇಶವಾಗಿಬಿಡುತ್ತದೆ. ಎಚ್ಚರಿಸಿದವಳು ಮರೆಯಾಗಿ, ಎಚ್ಚರಿಸಿಕೊಂಡವನೇ ಜ್ಞಾನಿಯಾಗಿ ನಿಲ್ಲುತ್ತಾನೆ. ಕರ್ತೃತ್ವ ವಿಚಾರವು ಕೂದಲನ್ನು ಸೀಳುವ ಕೆಲಸವೆಂದು ನಗುವವರು ಈ ಒಂದು ಪದದ ಮುಂದೆ ಸ್ವಲ್ಪ ನಿಲ್ಲಬೇಕು.

ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರಡಿಸಿದಂದಿನಿಂದ, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ೧೯೯೩ರಲ್ಲಿ ಸಮಗ್ರ ವಚನಗಳ ಹದಿನೈದು ಸಂಪುಟಗಳು ಬಂದವರೆಗೆ, ಸಂಪಾದಕರ ಶ್ರಮದಲ್ಲಿ ದೊಡ್ಡ ಪಾಲು ಅಂಕಿತಗಳನ್ನು ಬೇರ್ಪಡಿಸುವುದಕ್ಕೇ ಹೋಯಿತು. ಅಂಕಿತದ ವಿಷಯವು ನ್ಯಾಯಾಲಯವನ್ನೂ ಏರಿದುದುಂಟು. ಮಾತೆ ಮಹಾದೇವಿಯವರು ಬಸವಣ್ಣನವರ ವಚನಗಳಲ್ಲಿ ‘ಕೂಡಲಸಂಗಮದೇವ’ ಎಂಬಲ್ಲಿ ‘ಲಿಂಗದೇವ’ ಎಂದು ಮಾಡಿ ಪ್ರಕಟಿಸಿದ ಗ್ರಂಥವನ್ನು ರಾಜ್ಯಸರ್ಕಾರವು ೧೯೯೮ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಸರ್ವೋಚ್ಚ ನ್ಯಾಯಾಲಯವು ೨೦೧೭ರಲ್ಲಿ ಆ ಆಜ್ಞೆಯನ್ನು ಎತ್ತಿಹಿಡಿಯಿತು. ಗ್ರಂಥವನ್ನು ಮುಟ್ಟುಗೋಲು ಹಾಕುವುದು ಯುಕ್ತವೇ ಎಂಬುದು ಬೇರೆ ಚರ್ಚೆ. ಅಂಕಿತವು ವಚನದ ತುದಿಗೆ ಕಟ್ಟಿದ ಗೊಂಡೆಯಲ್ಲ, ಅದರ ಜೀವಸ್ಥಾನವೆಂದು ಸಾಮಾನ್ಯ ಜನರೂ ಬಲ್ಲರೆಂಬುದಷ್ಟು ಆ ಪ್ರಕರಣದಿಂದ ಸ್ಪಷ್ಟವಾಯಿತು.

ಸರ್ವಜ್ಞನ ಸಂಗತಿ ಇದಕ್ಕಿಂತ ಸಡಿಲವಾದುದು. ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಕೂಡಿಸಿದ ತ್ರಿಪದಿಗಳ ಸಂಖ್ಯೆ ಸುಮಾರು ಎರಡು ಸಾವಿರ. ಕೊನೆಗೆ ‘ಸರ್ವಜ್ಞ’ ಎಂದು ಸೇರಿಸುವುದು ಯಾರಿಗೂ ಕಷ್ಟವಲ್ಲ. ಅನುಭವಿಯಾದ ಒಕ್ಕಲಿಗನೋ, ಜಾಣೆಯಾದ ಅಜ್ಜಿಯೋ ಕಟ್ಟಿದ ಮೂರು ಸಾಲು ಆ ಹೆಸರನ್ನು ಹತ್ತಿ ನಾಡೆಲ್ಲ ಸಂಚರಿಸಿರಬಹುದು. ಇಲ್ಲಿ ಒಬ್ಬ ಕವಿಗಿಂತ ಒಂದು ಗೋತ್ರವನ್ನು ಕಾಣುವುದೇ ವಿವೇಕ. ಪುರಂದರದಾಸರು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ಕೀರ್ತನೆಗಳನ್ನು ರಚಿಸಿದರೆಂಬ ಪ್ರತೀತಿಯಲ್ಲಿಯೂ ಇರುವುದು ಲೆಕ್ಕವಲ್ಲ, ಭಕ್ತಿ.

೫

ಇಷ್ಟರವರೆಗೆ ನಾವು ಕಂಡುದು ಇತರರು ಮಾಡಿದ ಆರೋಪಗಳನ್ನು. ಕವಿಯು ತಾನೇ ತನ್ನನ್ನು ಅಪಹ್ನವ ಮಾಡಿಕೊಂಡ ಪ್ರಸಂಗವೊಂದು ನಮ್ಮ ಹೊಸಗನ್ನಡದ ಹೊಸ್ತಿಲಲ್ಲಿಯೇ ಇದೆ. ನಂದಳಿಕೆಯ ಲಕ್ಷ್ಮೀನಾರಣಪ್ಪನು ೧೮೭೦ರಲ್ಲಿ ಹುಟ್ಟಿದನು; ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದನು; ೧೯೦೧ರಲ್ಲಿ ಕ್ಷಯರೋಗದಿಂದ ತೀರಿಕೊಂಡನು. ಈ ಅಲ್ಪಾಯುಷ್ಯದಲ್ಲಿ ಅವನು ಬರೆದ ‘ಅದ್ಭುತ ರಾಮಾಯಣ’, ‘ಶ್ರೀರಾಮಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ಗಳು ಮೈಸೂರಿನಿಂದ ಹೊರಡುತ್ತಿದ್ದ ಪ್ರಾಚೀನ ಕಾವ್ಯಗಳ ಮಾಲೆಗಳಲ್ಲಿ ಮುದ್ರಿತವಾದುವು. ಆದರೆ ಅವನ ಹೆಸರಿನಲ್ಲಲ್ಲ. ಮುದ್ದಣನೆಂಬ ಹಳೆಯ ಕವಿಯ ಕೃತಿಗಳೆಂದು ಹೇಳಿಕೊಂಡು ಅವನು ಅವುಗಳನ್ನು ಕಳುಹಿಸಿದನು. ಪಟ್ಟಾಭಿಷೇಕವಂತೂ ಮಹಾಲಕ್ಷ್ಮಿಯೆಂಬ ಕವಯಿತ್ರಿಯ ಹೆಸರನ್ನು ಹೊತ್ತಿತು. ಮುದ್ದಣನೆಂಬುದು ಅವನಿಗೇ ಎಳವೆಯಲ್ಲಿದ್ದ ಮುದ್ದಿನ ಹೆಸರೆಂಬುದು ಲೋಕಕ್ಕೆ ತಿಳಿದುದು ಅವನು ಇಲ್ಲವಾದ ಮೇಲೆ.

ಬದುಕಿದ್ದ ಕವಿಯೊಬ್ಬನು ಸತ್ತ ಕವಿಯ ವೇಷವನ್ನು ಧರಿಸಿದುದೇಕೆ? ಉತ್ತರವನ್ನು ಅವನ ಕಾಲದಲ್ಲಿಯೇ ಹುಡುಕಬೇಕು. ಹಳೆಯ ಗ್ರಂಥಗಳನ್ನು ಓಲೆಗಳಿಂದ ಎತ್ತಿ ಮುದ್ರಿಸುವ ಉತ್ಸಾಹ ಆಗ ಉಕ್ಕುತ್ತಿತ್ತು. ಹಳತಾದುದಕ್ಕೆ ಬಾಗಿಲು ತೆರೆದಿತ್ತು. ಹಳಗನ್ನಡದಲ್ಲಿ ಹೊಸದಾಗಿ ಬರೆಯುವ ಒಬ್ಬ ಬಡ ಉಪಾಧ್ಯಾಯನಿಗೆ ಅದೇ ಬಾಗಿಲು ತೆರೆಯುತ್ತಿತ್ತೆಂದು ಹೇಳುವಂತಿರಲಿಲ್ಲ. ಕೃತಿಯು ಒಳಗೆ ಹೋಗಬೇಕಾದರೆ ಕರ್ತೃವು ಹೊರಗೆ ನಿಲ್ಲಬೇಕಾಯಿತು. ಇದು ನಮ್ಮ ಊಹೆ. ಸಂಕೋಚ ಸ್ವಭಾವವೂ ವಿನೋದಬುದ್ಧಿಯೂ ಜತೆಗೆ ಕೂಡಿರಬಹುದು.

‘ರಾಮಾಶ್ವಮೇಧ’ವನ್ನು ಎರಡು ಸಲ ಓದಿನೋಡಿರಿ, ಒಮ್ಮೆ ಪ್ರಾಚೀನ ಗ್ರಂಥವೆಂದು, ಇನ್ನೊಮ್ಮೆ ೧೮೯೦ರ ದಶಕದ ತರುಣನ ಕೃತಿಯೆಂದು. ಮೊದಲನೆಯ ಓದಿನಲ್ಲಿ ಮುದ್ದಣ ಮನೋರಮೆಯರ ಸಲ್ಲಾಪವು ಕಥೆಯ ನಡುನಡುವೆ ಬರುವ ಒಂದು ಹಾಸ್ಯ ಮಾತ್ರ. ಎರಡನೆಯ ಓದಿನಲ್ಲಿ ಅದೇ ಗ್ರಂಥದ ಹೃದಯವಾಗುತ್ತದೆ. ಪದ್ಯ ಬೇಡ, ಗದ್ಯದಲ್ಲಿಯೇ ಹೇಳೆಂದು ಮನೋರಮೆ ಹಟಹಿಡಿಯುವಾಗ ಅಲ್ಲಿ ಮುಂದೆ ಬರಲಿರುವ ಯುಗದ ಅಭಿರುಚಿಯು ಮಾತನಾಡುತ್ತಿದೆ. ಗಂಡನು ಬೀಗಿದಲ್ಲೆಲ್ಲ ಹೆಂಡತಿಯು ಅವನನ್ನು ನೆಲಕ್ಕಿಳಿಸುವಾಗ, ಅವನು ಹಳಗನ್ನಡದ ಬಿಗುಪನ್ನು ಮನೆಯೊಳಗಿನ ನಗೆಯಿಂದ ಸಡಿಲಿಸುವಾಗ, ಹಳೆಯ ಉಡುಪಿನೊಳಗೆ ಹೊಸ ಮೈ ಕಾಣುತ್ತದೆ. ಕವಿಯು ಹೆಸರನ್ನು ಮುಚ್ಚಿಟ್ಟನು. ತನ್ನ ಕಾಲವನ್ನು ಮುಚ್ಚಿಡಲಾರದೆ ಹೋದನು. ಅಂತರಂಗ ಪ್ರಮಾಣವೆಂದು ವಿಮರ್ಶಕರು ಹೇಳುವುದು ಇಂಥದನ್ನೇ.

ಹೆಸರು ಬಯಲಾದಮೇಲೆ ಕೃತಿಯ ಬೆಲೆ ಕುಗ್ಗಲಿಲ್ಲ, ಹೆಚ್ಚಿತು. ಹೊಸತಿನ ಅರುಣೋದಯವನ್ನು ಕನ್ನಡಿಗರು ಅಲ್ಲಿ ಕಂಡರು. ಆದರೆ ಆ ಗೌರವದಲ್ಲಿ ಒಂದು ಕಾಸಿನಷ್ಟೂ ಉಡುಪಿಯ ಉಪಾಧ್ಯಾಯನನ್ನು ಅವನ ಜೀವಿತದಲ್ಲಿ ಮುಟ್ಟಲಿಲ್ಲ.

೬

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕಾಗಿದೆ. ಸಹೃದಯನಿಗೆ ಬ��ಕಾದುದು ರಸ. ಭಟ್ಟನಾಯಕ, ಅಭಿನವಗುಪ್ತರ ಮತದಂತೆ ರಸಾನುಭವದಲ್ಲಿ ‘ನನ್ನದು’, ‘ಅವನದು’ ಎಂಬ ಭೇದಗಳೇ ಕರಗಿಹೋಗುತ್ತವೆ. ಹಾಗಿದ್ದಮೇಲೆ ಬರೆದವನು ದೊರೆಯಾದರೇನು, ಸೇವಕನಾದರೇನು? ಮಾವಿನ ಹಣ್ಣನ್ನು ತಿನ್ನುವವನಿಗೆ ಮರದ ಲೆಕ್ಕವೇಕೆ? ವಚನಕಾರರೇ ಹೆಸರನ್ನು ತ್ಯಜಿಸಿರುವಾಗ ಅದನ್ನು ಮತ್ತೆ ಅವರ ಕೊರಳಿಗೆ ಕಟ್ಟುವುದು ಅವರ ಇಷ್ಟಕ್ಕೆ ವಿರೋಧವಲ್ಲವೆ?

ಸಮಾಧಾನವೇನೆಂದರೆ, ರಸಾಸ್ವಾದದ ಗಳಿಗೆಗೆ ಈ ಮಾತು ಸಲ್ಲುತ್ತದೆ. ಆದರೆ ಆಸ್ವಾದವಾದಮೇಲೆ ನಾವು ಸುಮ್ಮನಿರುವುದಿಲ್ಲ. ಚರಿತ್ರೆ ಬರೆಯುತ್ತೇವೆ, ಮಕ್ಕಳಿಗೆ ಪಾಠ ಹೇಳುತ್ತೇವೆ, ಶಿಲೆಯಲ್ಲಿ ಹೆಸರು ಕೆತ್ತಿಸುತ್ತೇವೆ, ಇಂಥವರಿಂದ ಇಂಥದು ಸಾಧ್ಯವೆಂದು ನಿರ್ಣಯಿಸುತ್ತೇವೆ. ಆಯ್ದಕ್ಕಿ ಲಕ್ಕಮ್ಮನ ವಚನಗಳು ಮಾರಯ್ಯನವಾದರೆ, ಹನ್ನೆರಡನೆಯ ಶತಮಾನದ ಬಡ ಹೆಂಗಸಿನಿಂದ ಇಂಥ ನುಡಿ ಸಾಧ್ಯವಿತ್ತೆಂಬ ಅರಿವೇ ನಮಗೆ ತಪ್ಪಿಹೋಗುತ್ತದೆ. ಇನ್ನು ಹೆಸರನ್ನು ತ್ಯಾಗಮಾಡುವುದು ಬೇರೆ, ಕಳೆದುಕೊಳ್ಳುವುದು ಬೇರೆ. ವಚನಕಾರನು ದೇವರಿಗೆ ಒಪ್ಪಿಸಿದುದನ್ನು ನಾವು ಇನ್ನೊಬ್ಬ ಮನುಷ್ಯನಿಗೆ ಒಪ್ಪಿಸಿದರೆ ಅದು ಅವನ ತ್ಯಾಗಕ್ಕೆ ಸಲ್ಲಿಸಿದ ಗೌರವವಲ್ಲ.

ಆದುದರಿಂದ ಆರೋಪದ ಲೋಕಾರ್ಥದಿಂದಲೂ ನಾವು ಒಂದು ಪಾಠವನ್ನು ಕಲಿಯಬಹುದು. ದೋಷವನ್ನು ಆರೋಪಿಸುವವನನ್ನು ನ್ಯಾಯಾಧೀಶನು ಸಾಕ್ಷಿ ಕೇಳುತ್ತಾನೆ. ಗುಣವನ್ನು ಆರೋಪಿಸುವವನನ್ನು ಯಾರೂ ಕೇಳುವುದಿಲ್ಲ. ಸ್ತುತಿಗೆ ಸಾಕ್ಷಿ ಬೇಡವೆಂದು ಎಲ್ಲರೂ ನಂಬಿದ್ದಾರೆ. ಒಬ್ಬನಿಗೆ ಅವನದಲ್ಲದ ಕೃತಿಯನ್ನು ಕೊಟ್ಟಾಗ ಇನ್ನೊಬ್ಬನಿಂದ ಅವನದನ್ನು ಕಿತ್ತುಕೊಂಡಂತಾಗುತ್ತದೆಂಬುದನ್ನು ನೆನೆದರೆ, ಎರಡು ಆರೋಪಗಳಿಗೂ ಸಾಕ್ಷಿ ಬೇಕೆಂಬುದು ಸ್ಪಷ್ಟವಾಗುವುದು. ಬರೆಯುವಾಗ ನಾವು ಬಳಸುವ ಕ್ರಿಯಾಪದಗಳಲ್ಲಿಯೇ ಈ ವಿವೇಕವನ್ನು ತೋರಿಸಬಹುದು. ‘ರಚಿಸಿದನು’, ‘ರಚಿಸಿದನೆಂದು ಪ್ರತೀತಿ’, ‘ಇವನ ಹೆಸರಿನಲ್ಲಿ ದೊರೆಯುತ್ತದೆ’, ‘ಇವನದಿರಬಹುದು’, ‘ಕರ್ತೃ ತಿಳಿಯದು’. ಕನ್ನಡದಲ್ಲಿ ಇಷ್ಟು ಮಾತುಗಳಿರುವಾಗ ಎಲ್ಲಕ್ಕೂ ಮೊದಲನೆಯದನ್ನೇ ಬಳಸುವುದು ಭಾಷೆಯ ದಾರಿದ್ರ್ಯವಲ್ಲ, ನಮ್ಮ ಅವಸರ.

ಈ ಪತ್ರಿಕೆಯನ್ನು ಓದುವವರ ಮನೆಗಳಲ್ಲಿ ತಾಳೆಯೋಲೆಯ ಕಟ್ಟುಗಳಿರಬಹುದು. ಅವಿಲ್ಲದಿದ್ದರೂ ಅಜ್ಜಿಯೋ ಸೋದರತ್ತೆಯೋ ಬರೆದಿಟ್ಟ ಹಾಡಿನ ಪುಸ್ತಕವಂತೂ ಹಲವರಲ್ಲಿ ಇದ್ದೀತು. ಶೋಭಾನೆ, ಜೋಗುಳ, ಬೀಸುವ ಹಾಡು, ದೇವರನಾಮಗಳೆಲ್ಲ ಅದರಲ್ಲಿ ಬೆರೆತಿರುತ್ತವೆ. ಅವನ್ನು ಪ್ರತಿಮಾಡುವವರು ಕೊನೆಯಲ್ಲಿ ಅಂಕಿತವಿದ್ದರೆ ಇದ್ದಂತೆಯೇ ಬರೆಯಲಿ, ಇಲ್ಲದಿದ್ದರೆ ಪ್ರಸಿದ್ಧರ ಹೆಸರನ್ನು ಸೇರಿಸದೆ ಬಿಡಲಿ. ಜತೆಗೆ ಯಾವ ಊರಿನಲ್ಲಿ, ಯಾರ ಬಾಯಿಂದ ಕೇಳಿದುದು, ಅವರು ಯಾರಿಂದ ಕಲಿತರು ಎಂಬಷ್ಟನ್ನು ಒಂದು ಸಾಲಿನಲ್ಲಿ ಗುರುತುಹಾಕಲಿ. ಕಟ್ಟಿದವಳ ಹೆಸರು ಸಿಕ್ಕದೆ ಹೋದರೂ ಹಾಡಿ ಉಳಿಸಿದವಳ ಹೆಸರು ಅಲ್ಲಿಯಾದರೂ ಉಳಿಯುವುದು.